ನಮ್ಮತ್ತೆಯ ಪ್ರೇಮಭಂಗಕ್ಕೆ ಬಂದ ವಿಮರ್ಶೆಗಳು

ನಮ್ಮ ಸೋದರತ್ತೆಗೆ ಹೃದಯವಿದೆ ಎಂಬ ಸುದ್ದಿ ಗೌರಿಬಿದನೂರಿಗೆ ತಿಳಿದದ್ದು ತೀರಾ ಇತ್ತೀಚೆಗೆ. ಅದೂ ಒಡೆದುಹೋದ ಮೇಲೆ!

ನೀವು ಈ ಊರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಓದಿದವರಾಗಿದ್ದರೆ ಈಗಾಗಲೇ ತಲೆದೂಗಿರುತ್ತೀರಿ. ಮೂವತ್ತೈದು ವರ್ಷ ಅಲ್ಲಿ ಗಣಿತ ಹೇಳಿಕೊಟ್ಟವರು ಅವರು. ಮದುವೆಯಾಗಲಿಲ್ಲ. ಯಾಕಾಗಲಿಲ್ಲ ಎಂದು ಕೇಳುವ ಧೈರ್ಯ ಊರಿನಲ್ಲಿ ಯಾರಿಗೂ ಇರಲಿಲ್ಲ. ಕೇಳಿದರೆ ಬೋರ್ಡಿನ ಹತ್ತಿರ ಕರೆದು ಏನಾದರೂ ಬಿಡಿಸಲು ಹೇಳಿಬಿಟ್ಟರೆ? ನಾನು ಅವರ ಅಣ್ಣನ ಮಗಳು. ಎಲ್ಲರೂ ಸೋದರತ್ತೆಯನ್ನು ‘ನೀನು’ ಎನ್ನುತ್ತಾರೆ. ನನಗೆ ಮೂರು ವರ್ಷ ಅವರೇ ‘ಮಿಸ್’ ಆಗಿದ್ದರಿಂದ ಇವತ್ತಿಗೂ ‘ನೀವು’. ಅವರ ಹಳೆಯ ಶಿಷ್ಯೆಯೊಬ್ಬಳ ಮದುವೆಗೆ ಹೋಗಿದ್ದೆವು. ಅಕ್ಷತೆ ಹಾಕಲು ಅತ್ತೆ ಮಂಟಪ ಹತ್ತಿದರು ನೋಡಿ, ಮದುಮಗಳು ತಲೆಬಾಗುವ ಬದಲು ಬಲಗೈಯನ್ನು ಮುಂದೆ ಚಾಚಿ ಕಣ್ಣು ಮುಚ್ಚಿಕೊಂಡಳು. ಏಟಿಗೆ!

ಇಂಥವರು ನಿವೃತ್ತರಾದ ವರ್ಷವೇ ಗಿಟಾರ್ ಕೊಂಡರು.

ನಾನು ಅವತ್ತು ಸುಮ್ಮನೆ ಹಿತಕಿದ ಅವರೆಬೇಳೆ ಕೊಟ್ಟುಬರೋಣವೆಂದು ಹೋಗಿದ್ದೆ. ಒಳಗಿನಿಂದ ಟಿಣ್ ಟಿಣ್ ಸದ್ದು. ಮಿಕ್ಸಿ ಕೆಟ್ಟಿದೆಯೇನೋ ಎಂದು ಇಣುಕಿದರೆ, ಇಸ್ತ್ರಿ ಮಾಡಿದ ಕಾಟನ್ ಸೀರೆ, ಮೂಗಿನ ತುದಿಯಲ್ಲಿ ಕನ್ನಡಕ, ತೊಡೆಯ ಮೇಲೆ ಗಿಟಾರ್! ನನ್ನ ಕೈಯಲ್ಲಿದ್ದ ಡಬ್ಬಿ ಬೀಳದೆ ಉಳಿದದ್ದೇ ಪುಣ್ಯ.

“ಇದೇನತ್ತೆ ಇದು?”

“ಕಾಣಿಸ್ತಿಲ್ವಾ? ಆರು ತಂತಿ, ಇಪ್ಪತ್ತು ಮೆಟ್ಟು. ಎಲ್ಲಾ ಲೆಕ್ಕಾನೇ ಕಣಮ್ಮ.”

“ದೇವರನಾಮ ಕಲೀತಿದೀರಾ?”

“ದೇವರಿಗೆ ಹಾಡೋಕೆ ಬೇಕಾದಷ್ಟು ಜನ ಇದಾರೆ” ಎಂದು ಮತ್ತೆ ಟಿಣ್ ಎನ್ನಿಸಿದರು.

ಫೋನಿನಲ್ಲಿ ವಿಡಿಯೋ ನೋಡಿಕೊಂಡೇ ಕಲಿತರು. ಎರಡು ವರ್ಷವಾದ ಮೇಲೆ, ಮದುವೆ ವಿಡಿಯೋ ಮಾಡುವ ಸ್ಟುಡಿಯೋ ಇಟ್ಟಿರುವ ಹಳೆಯ ಶಿಷ್ಯೆಯೊಬ್ಬಳ ಬಳಿ ಹೋಗಿ, “ನನ್ನ ಹಾಡು ರೆಕಾರ್ಡ್ ಮಾಡಿಕೊಡು” ಎಂದರು. ಆಕೆ ಗಣಿತದಲ್ಲಿ ಮೂರು ಸಲ ಫೇಲಾದವಳು. ಆಗುವುದಿಲ್ಲ ಎನ್ನಲು ಯಾವ ಬಾಯಿ? ಜಲಪಾತದ ಪರದೆಯ ಮುಂದೆ, ಜೋಡಿಗಳು ಫೋಟೋ ತೆಗೆಸಿಕೊಳ್ಳುವ ಸೋಫಾದ ಮೇಲೆ ಒಂಟಿಯಾಗಿ ಕುಳಿತು ಅತ್ತೆ ಎಂಟು ಹಾಡು ಹಾಡಿದರು. ಬರೆದವರೂ ಅವರೇ, ರಾಗ ಹಾಕಿದವರೂ ಅವರೇ.

ಇದೊಂದೂ ನಮಗೆ ಗೊತ್ತಿರಲಿಲ್ಲ. ಒಂದು ಸೋಮವಾರ ಬೆಳಿಗ್ಗೆ ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ, ಗುಲಾಬಿ ಹೂವಿನ ಶುಭೋದಯಕ್ಕೂ ಮೆಂತ್ಯದ ನೀರಿನ ಮಹಿಮೆಗೂ ನಡುವೆ, ಅತ್ತೆಯ ಸಂದೇಶ ಬಂದು ಕೂತಿತು. “ಇವು ನನ್ನ ಎಂಟು ಹಾಡುಗಳು. ವಿಷಯ: ನನ್ನ ಪ್ರೇಮಭಂಗ. ಎಲ್ಲವನ್ನೂ ಕೇಳುವುದು ಕಡ್ಡಾಯ. ಅಭಿಪ್ರಾಯವನ್ನು ಕಾರಣಸಹಿತ ತಿಳಿಸುವುದು.” ಕೆಳಗೆ ಕೊಂಡಿ. ಆಲ್ಬಂನ ಹೆಸರು ‘ಶೇಷ’. ಮುಖಚಿತ್ರವಾಗಿ ಕಪ್ಪು ಹಲಗೆ, ಅದರ ಮೇಲೆ ಸೀಮೆಸುಣ್ಣದಲ್ಲಿ ಬಿಡಿಸಿದ ಒಂದು ಭಾಗಾಕಾರ.

ಗುಂಪಿನಲ್ಲಿ ನಲವತ್ತೊಂದು ಜನ. ಮಗು ಹಲ್ಲುಜ್ಜಿದ ಫೋಟೋ ಹಾಕಿದರೂ ಚಪ್ಪಾಳೆಗಳ ಸುರಿಮಳೆಗೈಯುವ ಗುಂಪು! ಎರಡು ಗಂಟೆ ಒಬ್ಬರೂ ಉಸಿರೆತ್ತಲಿಲ್ಲ. ಕೊನೆಗೆ ಚಿಂತಾಮಣಿಯ ಚಿಕ್ಕಮ್ಮ ಎರಡು ಕೈ ಮುಗಿದ ಚಿತ್ರವೊಂದನ್ನು ಹಾಕಿದರು. ನಮ್ಮ ಗುಂಪಿನಲ್ಲಿ ಯಾರಾದರೂ ತೀರಿಕೊಂಡಾಗ ಹಾಕುವ ಚಿತ್ರ ಅದು!

ನಾನು ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ಅಲ್ಲಿಯವರೆಗೆ ನಮ್ಮ ವಂಶದ ಸಾಹಿತ್ಯವೆಲ್ಲ ನನ್ನ ಗುತ್ತಿಗೆ ಎಂದುಕೊಂಡಿದ್ದೆ. ಹೊಟ್ಟೆಕಿಚ್ಚನ್ನು ವಿದ್ವತ್ತಿನಲ್ಲಿ ಮುಚ್ಚಿಕೊಂಡು ಅತ್ತೆಯ ಮನೆಗೆ ಹೋಗಿ, “ಮೂರನೇ ಹಾಡಲ್ಲಿ ಛಂದಸ್ಸು ಸರಿಯಿಲ್ಲ. ಎರಡು ಮಾತ್ರೆ ಹೆಚ್ಚಾಗಿದೆ ಅತ್ತೆ” ಎಂದೆ.

“ಈ ವಯಸ್ಸಲ್ಲಿ ಎರಡು ಮಾತ್ರೆ ಹೆಚ್ಚೇ ಬೇಕು ಕಣೇ. ಬಿಪಿಗೊಂದು, ಶುಗರಿಗೊಂದು.”

ನನ್ನ ವಿಮರ್ಶೆ ಅಲ್ಲಿಗೆ ಮುಗಿಯಿತು.

ಊರಿನಲ್ಲಿ ಮೊದಲ ಸಾರ್ವಜನಿಕ ಶ್ರವಣ ನಡೆದದ್ದು ಅತ್ತೆಯ ಎದುರುಮನೆಯಲ್ಲಿ. ಎದುರುಮನೆಯಾಕೆ ‘ಶೇಷ’ ಎಂಬ ಹೆಸರು ನೋಡಿ ಆದಿಶೇಷನ ಮೇಲಿನ ಭಕ್ತಿಗೀತೆಗಳೆಂದೇ ತಿಳಿದಿದ್ದಾರೆ! ಟೀಚರಮ್ಮ ನಾಗಪ್ಪನ ಮೇಲೆ ಹಾಡಿದ್ದಾರೆಂದು ಶುಕ್ರವಾರ ಬೆಳಿಗ್ಗೆ ಭಜನೆಯ ಹನ್ನೊಂದು ಹೆಂಗಸರನ್ನು ಕೂಡಿಸಿದರು. ಮಣೆಯ ಮೇಲೆ ಪುಟ್ಟ ಸ್ಪೀಕರ್ ಇಟ್ಟು, ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಮೇಲೊಂದು ಸೇವಂತಿಗೆ ಹೂವನ್ನೂ ಇಟ್ಟರು. ನಾನೂ ಇದ್ದೆ. ಹೇಳಿಬಿಡಬೇಕಿತ್ತು, ನಿಜ. ಆದರೆ ಪ್ರಸಾದಕ್ಕೆ ಪುಳಿಯೋಗರೆ ಇತ್ತು. ಅವರಲ್ಲೊಬ್ಬರು ಮಂಗಳಾರತಿ ತಟ್ಟೆ ಎತ್ತಿದರು. ಹಾಡು ಶುರುವಾಯಿತು.

“ನಿನ್ನಂಗಿಯ ಮೂರನೇ ಗುಂಡಿ
ನನ್ನ ಸೂಜಿಗಿನ್ನೂ ನೆನಪು...”

ಆರತಿ ತಟ್ಟೆ ಗಾಳಿಯಲ್ಲೇ ನಿಂತಿತು.

“ಇದು ನಾಗಪ್ಪನ ಮೇಲೆ ಅಲ್ವೇನೇ?” ಎಂದು ಒಬ್ಬರು ಪಿಸುಗುಟ್ಟಿದರು.

“ನಾಗಪ್ಪ ಯಾವತ್ತೇ ಅಂಗಿ ಹಾಕಿದ್ದ?” ಎಂದರು ಪಕ್ಕದವರು.

ಕರ್ಪೂರ ಉರಿದು ಮುಗಿಯಿತು. ಹಾಡು ಮುಗಿಯಲಿಲ್ಲ. ನಿಲ್ಲಿಸಿ ಎಂದು ಹೇಳಲು ಯಾರಿಗೂ ಬಾಯಿ ಬರುತ್ತಿಲ್ಲ, ಎದ್ದುಹೋಗಲು ಕಾಲೂ ಬರುತ್ತಿಲ್ಲ. ಎಂಟೂ ಹಾಡು ಮುಗಿದವು. ಆಗ ಮೂಲೆಯಲ್ಲಿ ಗೋಡೆಗೊರಗಿದ್ದ, ಎಂಬತ್ತೈದು ದಾಟಿದ, ತೆಲುಗು ಬಿಟ್ಟು ಬೇರೆ ಆಡದ ಅಜ್ಜಿಯೊಬ್ಬರು ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಇಂಕೊಕಸಾರಿ ಪೆಟ್ಟಮ್ಮಾ” ಎಂದರು. ಇನ್ನೊಂದು ಸಲ ಹಾಕು ಎಂದು! ಹಾಕಿದರು. ಅವತ್ತು ನಾಗಪ್ಪನಿಗೆ ಪೂಜೆ ಆಗಲೇ ಇಲ್ಲ.

ಮಾರನೆಯ ದಿನದಿಂದ ಊರಿನಲ್ಲಿ ಅರವತ್ತು ದಾಟಿದ ಗಂಡಸರಿಗೆಲ್ಲ ಗ್ರಹಚಾರ ಹಿಡಿಯಿತು. ಯಾರದು ಆ ಮೂರನೇ ಗುಂಡಿ? ಹೆಂಡಂದಿರು ಟ್ರಂಕು ತೆಗೆದು ಹಳೆಯ ಅಂಗಿಗಳ ಗುಂಡಿ ಎಣಿಸಿದರು. ಎಲ್ಲರ ಅನುಮಾನಕ್ಕೂ ಗುರಿಯಾದ ನಿವೃತ್ತ ಡ್ರಿಲ್ ಮಾಸ್ತರರು ಗುಂಡಿಯಿರುವ ಅಂಗಿಯನ್ನೇ ಬಿಟ್ಟು ಟೀ ಶರ್ಟಿನಲ್ಲಿ ವಾಕಿಂಗ್ ಹೊರಟರು. ಮಂಚೇನಹಳ್ಳಿಯ ಹಿರಿಯರೊಬ್ಬರಂತೂ ತಾವೇ ಆ ಮನುಷ್ಯ ಎಂಬಂತೆ ನಿಟ್ಟುಸಿರು ಬಿಡುತ್ತ, ಕೇಳಿದವರಿಗೆಲ್ಲ “ಬಿಡಿ, ಹಳೇ ಮಾತು” ಎನ್ನುತ್ತ ಓಡಾಡತೊಡಗಿದರು. ಅವರಿಗೆ ನಮ್ಮತ್ತೆಯ ಪರಿಚಯವೇ ಇರಲಿಲ್ಲ!

ತಡೆಯಲಾರದೆ ನಾನೇ ಕೇಳಿದೆ. “ಅತ್ತೆ, ಆ ಗುಂಡಿ...”

“ಸ್ಪೋರ್ಟ್ಸ್ ಡೇ ದಿವಸ ಹಗ್ಗಜಗ್ಗಾಟದಲ್ಲಿ ಕಿತ್ತುಬಂದಿತ್ತು. ಸ್ಟಾಫ್ ರೂಮಲ್ಲಿ ಹೊಲಿದುಕೊಟ್ಟೆ. ಅಷ್ಟೇ.”

“ಯಾರಿಗೆ?”

“ಗುಂಡಿ ಇಲ್ಲದವರಿಗೆ.”

ಇಷ್ಟರಲ್ಲಿ ಬೆಂಗಳೂರಿನ ಸಂಗೀತದ ಜಾಲತಾಣವೊಂದರಲ್ಲಿ ಯಾರೋ ಹುಡುಗ ಅತ್ತೆಯ ಆಲ್ಬಂನ ವಿಮರ್ಶೆ ಬರೆದುಬಿಟ್ಟ. ಹಾಡಿದವರು ಯಾರೆಂದು ಅವನಿಗೆ ಗೊತ್ತಿಲ್ಲ. ಇಪ್ಪತ್ತೈದರ ಆಸುಪಾಸಿನ ಬಂಡಾಯದ ಹೊಸ ದನಿ ಎಂದುಕೊಂಡಿದ್ದ. “ಕಂಠದಲ್ಲಿ ಉದ್ದೇಶಪೂರ್ವಕವಾದ ಒರಟುತನವಿದೆ” ಎಂದು ಬರೆದಿದ್ದ. ಮೂವತ್ತೈದು ವರ್ಷ ಅರವತ್ತು ಹುಡುಗಿಯರ ಗಲಾಟೆಯ ಮೇಲೆ ಕೂಗಿದ ಗಂಟಲು ಅದು, ಉದ್ದೇಶ ಎಲ್ಲಿಂದ ಬಂತು? “ಆರನೇ ಹಾಡಿನ ನಡುವೆ ಕೇಳಿಬರುವ ರೈಲಿನ ಕೂಗು ಅಗಲಿಕೆಯ ರೂಪಕವಾಗಿ ಬೆಚ್ಚಿಬೀಳಿಸುತ್ತದೆ” ಎಂದೂ ಇತ್ತು. ಅದನ್ನೋದಿ ಬೆಚ್ಚಿಬಿದ್ದವರು ಅತ್ತೆ.

“ಹಿಂದೂಪುರದ ಗಾಡಿ ಕಣೇ ಅದು! ಅವತ್ತು ಲೇಟಾಗಿ ಬಂತು!”

ಕೊನೆಯಲ್ಲಿ ಹತ್ತಕ್ಕೆ ಆರೂವರೆ ಅಂಕ ಕೊಟ್ಟಿದ್ದ. ಅತ್ತೆ ವಿಮರ್ಶೆಯನ್ನು ಪ್ರಿಂಟ್ ತೆಗೆಸಿ, ಕೆಂಪು ಇಂಕಿನ ಪೆನ್ನು ಹಿಡಿದು ಕುಳಿತರು. ಎರಡು ಕಾಗುಣಿತದ ತಪ್ಪಿಗೆ ಸೊನ್ನೆ ಸುತ್ತಿದರು. “ಉಳಿದ ಮೂರೂವರೆ ಅಂಕ ಎಲ್ಲಿ ಕಳೆಯಲಾಗಿದೆ? ಹಂತಗಳನ್ನು ತೋರಿಸಿಲ್ಲ” ಎಂದು ಅಂಚಿನಲ್ಲಿ ಬರೆದರು. ವಿಮರ್ಶೆಗೆ ಹತ್ತಕ್ಕೆ ನಾಲ್ಕು ಕೊಟ್ಟು, ಫೋಟೋ ತೆಗೆದು ಅವನಿಗೇ ಕಳಿಸಿದರು. ಹುಡುಗ ಗಾಬರಿಯಿಂದ ಉತ್ತರಿಸಿದ. “ಕ್ಷಮಿಸಿ ಮೇಡಂ, ನಿಮ್ಮ ವಯಸ್ಸು ಗೊತ್ತಿರಲಿಲ್ಲ. ಅಂಕ ಜಾಸ್ತಿ ಮಾಡ್ತೀನಿ.”

ಅತ್ತೆ ಬರೆದರು: “ವಯಸ್ಸಿಗೆ ಗ್ರೇಸ್ ಮಾರ್ಕ್ಸ್ ಬೇಡ. ಹಾಡನ್ನು ಮತ್ತೊಮ್ಮೆ ಕೇಳಿ.”

ಕೇಳಿರಬೇಕು. ವಾರ ಬಿಟ್ಟು ಏಳು ಮಾಡಿದ್ದ. ಕಾರಣಸಹಿತ!

ಹಳೆಯ ಶಿಷ್ಯೆಯರದ್ದು ಇನ್ನೊಂದು ದಂಡು. ಹಾಡುಗಳ ಕೆಳಗೆ ಅವರು ಬರೆದದ್ದನ್ನೆಲ್ಲ ಅತ್ತೆ ಕೂತು ಓದುತ್ತಿದ್ದರು. ಒಬ್ಬಳು ಬರೆದಿದ್ದಳು: “ಮಿಸ್, ನಿಮಗೂ ಅಳು ಬರ್ತಿತ್ತಾ?” ಅತ್ತೆಯ ಉತ್ತರ ಮೂರೇ ಪದ. “ಬರ್ತಿತ್ತು. ಬೆಲ್ ಆದಮೇಲೆ.” ಅದನ್ನು ಓದಿದಾಗ ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಆ ಬೆಲ್ ಆದ ಮೇಲೆ ನಾನೂ ಮೂರು ವರ್ಷ ಅವರ ಜೊತೆಯೇ ಮನೆಗೆ ನಡೆದು ಬಂದವಳು. ಒಂದು ದಿನವೂ ಕಂಡಿರಲಿಲ್ಲ.

ನೆಂಟರು ಮಾತ್ರ ಸುಮ್ಮನಾಗಲಿಲ್ಲ. ಚಿಂತಾಮಣಿಯಲ್ಲಿ ಟೊಮೆಟೊ ಮಂಡಿ ಇಟ್ಟಿರುವ ನಮ್ಮ ಚಿಕ್ಕಪ್ಪ, ಅಂದರೆ ಅತ್ತೆಯ ತಮ್ಮ, ಒಂದು ಭಾನುವಾರ ನಮ್ಮ ಮನೆಯಲ್ಲಿ ಸಭೆ ಸೇರಿಸಿದರು. ಅವರ ಮಗಳಿಗೆ ಶಿಡ್ಲಘಟ್ಟದ ಕಡೆ ಸಂಬಂಧ ನೋಡಿ ಮಾತು ಅರ್ಧಕ್ಕೆ ಬಂದಿತ್ತು.

“ಆ ಜನ ಇದನ್ನ ಕೇಳ್ಬಿಟ್ರೆ ಏನ್ ಗತಿ?” ಎಂದರು ಚಿಕ್ಕಪ್ಪ. “ಅರವತ್ತೆರಡು ವರ್ಷದ ಹೆಂಗಸು, ರಿಟೈರ್ಡ್ ಟೀಚರು, ಗಿಟಾರ್ ಹಿಡ್ಕೊಂಡು ಅಂಗಿ ಗುಂಡಿ ಅಂತ ಹಾಡ್ತಾರೆ ಅಂದ್ರೆ ಯಾರಪ್ಪ ಹೆಣ್ಣು ತಗೋತಾರೆ? ಅದನ್ನ ತೆಗೆಸ್ಬೇಕು. ಇವತ್ತೇ ತೆಗೆಸ್ಬೇಕು!”

ಎಲ್ಲರೂ ಹೂಂ ಎಂದರು. ಅಷ್ಟರಲ್ಲಿ ಯಾರೂ ಕರೆಯದಿದ್ದರೂ ಅತ್ತೆ ಬಂದು ಬಾಗಿಲಲ್ಲಿ ನಿಂತರು. ಇಡೀ ಸಭೆ ಎದ್ದು ನಿಂತಿತು. ಚಿಕ್ಕಪ್ಪನೂ! ಅವರಿಗೂ ಟ್ಯೂಷನ್ ಹೇಳಿದ್ದು ಅತ್ತೆಯೇ.

“ಕೂತ್ಕೊಳ್ಳಿ. ಯಾರ್ಯಾರು ಎಂಟೂ ಹಾಡು ಕೇಳಿದೀರಿ? ಕೈ ಎತ್ತಿ.”

ಒಂದು ಕೈಯೂ ಏಳಲಿಲ್ಲ.

“ಪಾಠ ಓದದೇ ಪೇಪರ್ ತಿದ್ದಕ್ಕೆ ಕೂತಿದೀರಾ?”

ಆಗ ಹಿಂದಿನಿಂದ ಒಂದು ಕೈ ಮೆಲ್ಲಗೆ ಮೇಲೆದ್ದಿತು. ಮದುವೆ ಮಾತಾಗುತ್ತಿದ್ದ ಹುಡುಗಿಯದು! “ನಾನು ಕೇಳಿದೀನಿ ಅತ್ತೆ. ಅವ್ರೂ ಕೇಳಿದಾರೆ.”

“ಯಾರೇ ಅವ್ರು?” ಎಂದರು ಚಿಕ್ಕಪ್ಪ, ಮುಖ ಬಿಳಿಚಿಕೊಂಡು.

“ಶಿಡ್ಲಘಟ್ಟದವ್ರು. ಅವ್ರಮ್ಮಂಗೆ ನಾಲ್ಕನೇ ಹಾಡು ಬಾಯಿಪಾಠ ಆಗ್ಬಿಟ್ಟಿದೆ ಅಪ್ಪ. ಮದುವೇಲಿ ಅತ್ತೆನೇ ಹಾಡ್ಬೇಕಂತೆ.”

ಪ್ರೇಮಭಂಗದ ಹಾಡನ್ನು ಮದುವೆಯಲ್ಲಿ! ಚಿಕ್ಕಪ್ಪ ತೆರೆದ ಬಾಯಿ ಮುಚ್ಚಲು ಕಾಫಿಯೇ ಬರಬೇಕಾಯಿತು. ಎಲ್ಲರೂ ಬಿದ್ದುಬಿದ್ದು ನಕ್ಕರು. ಅತ್ತೆ ಮಾತ್ರ ನಗಲಿಲ್ಲ. ಅವರ ಕಣ್ಣು ಒಂದು ಖಾಲಿ ಕುರ್ಚಿಯ ಮೇಲಿತ್ತು. ಅವರು ಬಾಗಿಲಿಗೆ ಬಂದ ಕ್ಷಣವೇ ಆ ಕುರ್ಚಿಯಿಂದೆದ್ದು ಹಿತ್ತಿಲಿಗೆ ಹೋಗಿದ್ದವರು ನಮ್ಮಪ್ಪ.

ಅಪ್ಪನ ವಿಷಯ ಇಲ್ಲಿಯವರೆಗೆ ಎತ್ತಲಿಲ್ಲ. ಎತ್ತಲು ಏನೂ ಇರಲಿಲ್ಲ, ಅದೇ ತೊಂದರೆ. ತಾತ ಬೇಗ ಹೋದ ಮೇಲೆ ತಂಗಿ ತಮ್ಮನನ್ನು ಬೆಳೆಸಿದವರು ಅಪ್ಪ. ಬಜಾರಿನಲ್ಲಿ ಬಿತ್ತನೆ ಬೀಜದ ಅಂಗಡಿ ನಡೆಸಿಕೊಂಡು ತಂಗಿಯನ್ನು ಬಿಎಸ್ಸಿ ಓದಿಸಿದವರು. ಸಂಜೆ ಐದಕ್ಕೆ ತಂಗಿಯ ಮನೆಗೆ ನಡೆದು ಹೋಗಿ ಅಲ್ಲೇ ಕಾಫಿ ಕುಡಿಯುವುದು ಅವರ ಎಷ್ಟೋ ವರ್ಷದ ಪದ್ಧತಿ. ಆಲ್ಬಂ ಬಂದ ಸೋಮವಾರದಿಂದ ಅದು ನಿಂತಿತು. ಬೈಯಲಿಲ್ಲ, ಹೊಗಳಲಿಲ್ಲ, ಹಾಡು ಕೇಳಲೂ ಇಲ್ಲ. ಎರಡು ತಿಂಗಳು! ಅತ್ತೆ ನನ್ನನ್ನು ಕಂಡಾಗಲೆಲ್ಲ ಬೇರೆ ಏನೇನೋ ಮಾತಾಡಿ ಕೊನೆಗೆ, “ಅಣ್ಣ ಕೇಳಿದ್ನಾ?” ಎನ್ನುತ್ತಿದ್ದರು. “ಇಲ್ಲ ಅತ್ತೆ” ಎಂದರೆ, “ಅವನಿಗೆ ಕಿವಿ ಸ್ವಲ್ಪ ಮಂದ, ಪಾಪ” ಎಂದು ತಾವೇ ಕಾರಣ ಕೊಟ್ಟುಕೊಳ್ಳುತ್ತಿದ್ದರು. ಅಪ್ಪನ ಕಿವಿ ಚೆನ್ನಾಗಿಯೇ ಇದೆ. ಪಕ್ಕದ ಬೀದಿಯಲ್ಲಿ ಯಾರು ಸೀನಿದರೆಂದು ಹೇಳಬಲ್ಲರು.

ಹೋದ ತಿಂಗಳು ಒಂದು ಮಧ್ಯಾಹ್ನ ಊಟವಾದ ಮೇಲೆ ಅಪ್ಪ ಬಂದು, “ನಿನ್ ಫೋನಲ್ಲಿ ಅವಳ ಹಾಡು ಹಾಕ್ಕೊಡಮ್ಮ” ಎಂದರು. ಇಯರ್‌ಫೋನ್ ಸಿಕ್ಕಿಸಿಕೊಟ್ಟೆ. ಜಗಲಿಯ ಮೇಲೆ ಬೀದಿಗೆ ಬೆನ್ನು ಮಾಡಿ ಕುಳಿತರು. ಎಂಟೂ ಹಾಡು ಕೇಳಿದರು. ಐದನೆಯದನ್ನು ಮತ್ತೆ ಕೇಳಿದರು. ಆಮೇಲೆ ಅಂಗಿ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಮಾತಿಲ್ಲದೆ ಅತ್ತೆಯ ಮನೆಯ ಕಡೆ ಹೊರಟರು. ನಾನೂ ಚಪ್ಪಲಿ ಸಿಕ್ಕಿಸಿಕೊಂಡೆ. ಹಿಂದೆಯೇ ಹೋದೆ.

ಅತ್ತೆ ಬಾಗಿಲು ತೆಗೆದು ಅಣ್ಣನನ್ನು ನೋಡಿ ದಂಗಾದರು. ಅಪ್ಪ ಕೂರಲಿಲ್ಲ.

“ಐದನೇ ಹಾಡಲ್ಲಿ ಒಂದು ತಪ್ಪಿದೆ.”

ಅತ್ತೆ ಕನ್ನಡಕ ಹಾಕಿಕೊಂಡು, ಹಾಡು ಬರೆದ ಪುಸ್ತಕ ತೆಗೆದರು. ತಪ್ಪು ಎಂದರೆ ಅವರು ಯಾರ ಮುಖವನ್ನೂ ನೋಡುವುದಿಲ್ಲ, ಪುಸ್ತಕವನ್ನೇ ನೋಡುವುದು. “ಎಲ್ಲಿ, ಹೇಳು.”

“‘ಒಂದೇ ಸಲ ಬಂದೆ, ತಿರುಗಿ ನೋಡದೆ ಹೋದೆ’ ಅಂತ ಹಾಡಿದೀಯ. ಒಂದೇ ಸಲ ಅಲ್ಲ ಕಣೇ. ಎರಡು ಸಲ ಬಂದಿದ್ದ.”

ಅತ್ತೆಯ ಕೈಯಲ್ಲಿದ್ದ ಪುಸ್ತಕ ಹಾಗೇ ಕೆಳಗಿಳಿಯಿತು.

ಆಗ ನನಗೆ ಇಡೀ ಕಥೆ ತಿಳಿದದ್ದು. ಆ ಗುಂಡಿಯ ಮನುಷ್ಯ, ಅತ್ತೆ ಬಿಎಸ್ಸಿ ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಧಾರವಾಡದ ಕಡೆಯವರು. ತಮ್ಮ ಸೋದರಮಾವನನ್ನು ಕರೆದುಕೊಂಡು ಹೆಣ್ಣು ಕೇಳಲು ಮನೆಗೆ ಬಂದರು. ಅವತ್ತು ಊಟಕ್ಕೆ ಮುದ್ದೆ. ರೊಟ್ಟಿ ತಿಂದು ಬೆಳೆದ ಮನುಷ್ಯ, ಮುದ್ದೆಯನ್ನು ಬಾಯಿಗಿಟ್ಟು ಅಗಿದರು. ಅಗಿದಷ್ಟೂ ಅದು ಹಲ್ಲಿಗೆ ಅಂಟಿತು. ಪಂಕ್ತಿಯೆಲ್ಲ ನಕ್ಕಿತು. ಜಾತಿ ಬೇರೆ, ಊರು ದೂರ ಎಂದು ನೇರವಾಗಿ ಹೇಳುವ ಬದಲು ಅಪ್ಪ ಎಲ್ಲರೆದುರು, “ಮುದ್ದೆ ನುಂಗಕ್ಕೆ ಬರದವನಿಗೆ ನಮ್ಮನೇಲಿ ಹೆಣ್ಣು ಕೊಡಲ್ಲಪ್ಪ” ಎಂದುಬಿಟ್ಟರು. ಅಡುಗೆಮನೆಯಲ್ಲಿ ನಿಂತಿದ್ದ ಅತ್ತೆ ಅದನ್ನು ಕೇಳಿಸಿಕೊಂಡರು. ಮೇಷ್ಟ್ರು ಆ ವಾರವೇ ಕೆಲಸ ಬಿಟ್ಟು ಊರಿಗೆ ಹೊರಟುಹೋದರು. ಅಷ್ಟೇ ಅತ್ತೆಗೆ ಗೊತ್ತಿದ್ದದ್ದು. ಒಂದು ಮಾತಿಗೆ ಸೋತು ಹೋದವನು, ಮತ್ತೆ ಬರಲಿಲ್ಲ ಎಂದುಕೊಂಡೇ ಬದುಕಿದರು.

“ಎರಡನೇ ಸಲ ಬಂದಾಗ ನೀನು ಬಿಎಡ್ ಮಾಡಕ್ಕೆ ಮೈಸೂರಲ್ಲಿದ್ದೆ” ಎಂದರು ಅಪ್ಪ. “ಒಬ್ಬನೇ ಬಂದ. ಬೆಳಿಗ್ಗೆಯಿಂದ ಸಾಯಂಕಾಲದ ಬಸ್ಸಿನವರೆಗೂ ಜಗಲಿ ಮೇಲೆ ಕೂತಿದ್ದ. ನಾನು ಮಾತಾಡಿಸ್ಲಿಲ್ಲ. ಹೋಗೋವಾಗ, ‘ಬೇರೆ ಏನೂ ಬೇಡ, ನಾನು ಬಂದಿದ್ದೆ ಅಂತ ಅವ್ರಿಗೆ ಹೇಳ್ರಿ’ ಅಂದ. ನಾನು ಹೇಳ್ಲಿಲ್ಲ ಕಣೇ. ನಲವತ್ತು ವರ್ಷ ಆಯ್ತು. ಇವತ್ತು ಹೇಳ್ತಿದೀನಿ. ಬಂದಿದ್ದ.”

ಅತ್ತೆ ಕೂಗುತ್ತಾರೆ, ಅಪ್ಪನನ್ನು ಹೊರಗೆ ಹೋಗು ಎನ್ನುತ್ತಾರೆ, ಇಲ್ಲವೇ ಕುಸಿದು ಕೂರುತ್ತಾರೆ ಎಂದುಕೊಂಡೆ. ಯಾವುದೂ ಆಗಲಿಲ್ಲ. ಕನ್ನಡಕ ತೆಗೆದು, ಸೆರಗಿನ ತುದಿಯಿಂದ ಒಂದು ಗಾಜು ಒರೆಸಿದರು. ಇನ್ನೊಂದು ಗಾಜು ಒರೆಸಿದರು. ಮತ್ತೆ ಮೊದಲನೆಯದನ್ನು ಒರೆಸಿದರು.

“ಬೆಳಿಗ್ಗೆಯಿಂದ ಕೂತಿದ್ನಾ?”

“ಹೂಂ.”

“ಊಟಕ್ಕೆ?”

“ನಿಮ್ಮತ್ತಿಗೆ ಹಾಕಿದ್ಲು. ನನ್ನ ಕೇಳ್ದೆ ಅಲ್ಲೇ ಜಗಲಿ ಮೇಲೆ ತಟ್ಟೆ ಇಟ್ಲು. ಮುದ್ದೆ, ಉಪ್ಸಾರು.”

ಅತ್ತೆ ಕನ್ನಡಕ ಮತ್ತೆ ಹಾಕಿಕೊಂಡರು. ಆ ಮನುಷ್ಯ ಈಗೆಲ್ಲಿ, ಇದ್ದಾರೋ ಇಲ್ಲವೋ ಎಂದು ಕೇಳಬಹುದಿತ್ತು. ಯಾಕೆ ಮುಚ್ಚಿಟ್ಟೆ ಎಂದು ಅಣ್ಣನನ್ನು ಕೇಳಬಹುದಿತ್ತು. ಅವರು ಕೇಳಿದ್ದು ಬೇರೆ.

“ಅಗಿದ್ನಾ ಅಣ್ಣ, ನುಂಗಿದ್ನಾ?”

ಅಪ್ಪ ಕಣ್ಣು ಮುಚ್ಚಿ ನೆನಪು ಮಾಡಿಕೊಂಡರು.

“ನುಂಗಿದ ಕಣೇ. ಎರಡು ಮುದ್ದೆ.”

ನಾನು ಹುಟ್ಟಿದಾಗಿನಿಂದ ಕಂಡಿರದ ಒಂದು ನಗು ಅತ್ತೆಯ ಮುಖದ ಮೇಲೆ ಬಂತು, ಇಪ್ಪತ್ತೆರಡು ವರ್ಷದ ಹುಡುಗಿಯದು.

“ಕಲ್ತ್ಕೊಂಡು ಬಂದಿದ್ದ ಹಾಗಾದ್ರೆ” ಎಂದರು.